ನೀಲಿ ಹಚ್ಚಿದ ನಾಲ್ಕು ಮರಿ

‘ತಪ್ಪಿ ಹಚ್ಚಿದೆನೋ, ತಿಳಿದೇ ಹಚ್ಚಿದೆನೋ’ ಎಂದು ಬರೆದು ಸುವರ್ಣಾ ಆ ಸಾಲನ್ನು ಹೊಡೆದುಹಾಕಿದಳು. ಮತ್ತೆ ಅದರ ಕೆಳಗೆ ಅದನ್ನೇ ಬರೆದಳು. ಹೊರಗೆ ಕುರಿ ವ್ಯಾಪಾರಿ ಮಶಾಕಸಾಬನ ಪಿಕಪ್ ಗಾಡಿ ಹಿಂದಕ್ಕೆ ಸರಿಯುತ್ತ ಬಂದು ದಡ್ಡಿಯ ಬಾಗಿಲಿಗೆ ನಿಂತಿತು. ಒಳಗಿದ್ದ ಕುರಿಗಳು ಒಂದೇ ಸವನೆ ಒದರತೊಡಗಿದವು.

ಅವಳ ನೋಟುಬುಕ್ಕು ಒಂದೇ, ಲೆಕ್ಕ ಎರಡು. ಮುಂದಿನಿಂದ ಕುರಿಗಳದು, ಹಿಂದಿನಿಂದ ತನ್ನದು. ಕನ್ನೊಳ್ಳಿಯಲ್ಲಿ ಅವಳಪ್ಪ ಅಮಸಿದ್ದನ ಮನೆಯಲ್ಲಿ ನಾಳೆಗೆಂದು ಕೂಡಿಡುವುದೆಲ್ಲ ಕುರಿಯ ಮೈಮೇಲೆಯೇ. ಸುವರ್ಣಾಳನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಹೆಸರಿಗೊಂದು ಹೆಣ್ಣುಮರಿ ಬಿಟ್ಟಿದ್ದರು. ಅದರ ಸಂತಾನದ ಬೆನ್ನಿಗೆಲ್ಲ ಕೆಂಪು. ಅದು ಅವಳ ಲಗ್ನದ್ದು. ಪತ್ರಾಸಿನ ತಗಡಿನ ಶೆಡ್ಡು ಸಾಕಾಯಿತು, ಗಟ್ಟಿ ಮನೆ ಬೇಕು ಎಂದು ಅವ್ವ ಶೇವಂತೆವ್ವ ಹಟ ಹಿಡಿದ ವರ್ಷ ಬೇರೆ ನಾಲ್ಕು ಕುರಿ ವಿಂಗಡಿಸಿದರು. ಅವುಗಳ ಸಂತಾನಕ್ಕೆ ನೀಲಿ. ಗಂಡುಮರಿ ಸಂತೆಗೆ, ಹೆಣ್ಣುಮರಿ ತಾಯಿಯ ಬಣ್ಣಕ್ಕೆ. ಕೆಂಪು ಮೂವತ್ತಾದರೆ ಲಗ್ನ, ನೀಲಿ ಐವತ್ತಾದರೆ ಮನೆ. ಸಿಂದಗಿಯಲ್ಲಿ ಬಿ.ಕಾಂ. ಮುಗಿಸಿ ಬಂದ ಮಗಳಿಗೆ ಅಪ್ಪ ಬಣ್ಣದ ಡಬ್ಬಿಯನ್ನೂ ಲೆಕ್ಕವನ್ನೂ ಒಪ್ಪಿಸಿದ್ದ.

ಹೋದ ತಿಂಗಳು ಉಣ್ಣೆ ಕತ್ತರಿಸಿದಾಗ ಹಳೆಯ ಬಣ್ಣವೂ ಅದರೊಡನೆ ಹೋಗಿತ್ತು. ಹೊಸದಾಗಿ ಹಚ್ಚುತ್ತ ಹೋದವಳು, ಕೆಂಪು ಕುರಿಯ ಮರಿಯೊಂದಕ್ಕೆ ಕೈಯಲ್ಲಿದ್ದ ನೀಲಿ ಕುಂಚವನ್ನೇ ಎಳೆದುಬಿಟ್ಟಳು. ಅದು ತಪ್ಪೇ, ಅನುಮಾನವಿಲ್ಲ. ಎರಡನೆಯದಕ್ಕೆ? ಕುಂಚ ಬದಲಿಸಲು ಬೇಸರವಾಗಿತ್ತೆಂದು ತೋರುತ್ತದೆ. ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಏನಾಗಿತ್ತೋ! ಸಂಜೆ ಅವಳು ‘ಕೆಂಪು ಇಪ್ಪತ್ತಾರು, ನೀಲಿ ಐವತ್ತು’ ಎಂದು ಓದಿದಾಗ ಅಪ್ಪ “ಹಂಗೇನು?” ಎಂದಷ್ಟೇ ಅಂದು ಕುರಿಗಳತ್ತ ನೋಡಿದ್ದ. ಅವ್ವ ಮಾತ್ರ ಕುಣಿಯುವುದೊಂದು ಬಾಕಿ. “ಹಂಗಾರ ಮನಿ ಮೊದಲ. ನಿಂದು ಮುಂದಿನ ವರ್ಷ ನೋಡೂಣಂತ.” ಅಂದು ಸುವರ್ಣಾಳಿಗೆ ರೊಟ್ಟಿ ಒಂದು ಹೆಚ್ಚೇ ಸೇರಿತ್ತು.

ಕೆಂಪು ಮೂವತ್ತಾದ ದಿನ ಲಗ್ನದ ಮಾತಾಡೋಣವೆಂದು ತಂಗಡಗಿಯ ಸೋದರಮಾವನಿಗೆ ಅಪ್ಪ ಮಾತು ಕೊಟ್ಟಿದ್ದ. ಮಾವನ ಮಗನನ್ನು ಕಂಡರಾಗದು ಎಂದೇನಿಲ್ಲ. ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆಂದೂ ಅಲ್ಲ. ನೌಕರಿಯ ಆಸೆಯೇ? ಅದೂ ಗಟ್ಟಿಯಿಲ್ಲ. ಹಿಂದಿನ ಪುಟಗಳಲ್ಲಿ ಎಷ್ಟು ಬರೆದರೂ ತನ್ನನ್ನು ತಡೆದದ್ದು ಏನೆಂದು ಅವಳಿಗೆ ಸಿಕ್ಕಿರಲಿಲ್ಲ.

“ಏ ಸುವರ್ಣೀ, ಬುಕ್ಕ ತಗೊಂಡ ಬಾ! ಅಂವಾ ಎಣಸಾಕ ನಿಂತಾನ.” ಅವ್ವನ ದನಿ.

ಹೊರಗೆ ಬಂದಾಗ ನೀಲಿ ಬೆನ್ನುಗಳು ಒಂದೊಂದಾಗಿ ಗಾಡಿ ಏರುತ್ತಿದ್ದವು. ಅಮಸಿದ್ದ ದಡ್ಡಿಯೊಳಗೆ ನಿಂತು ದಾಟಿಸುತ್ತಿದ್ದವನು ಒಂದು ಮರಿಯ ಹಿಂಗಾಲು ಹಿಡಿದು ಪಕ್ಕಕ್ಕೆ ಬಿಟ್ಟ. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು. ನಾಲ್ಕನೆಯದಕ್ಕೆ ಮಶಾಕಸಾಬ ಎಣಿಕೆ ನಿಲ್ಲಿಸಿದ.

“ಅವ್ಯಾಕ ಬಿಟ್ಟಿ ಕಾಕಾ? ನೀಲಿ ಐತಲ್ಲ.”

“ಬಣ್ಣ ನೀಲಿ ಐತಿ. ಮರಿ ಕೆಂಪ ಕುರೀದು.”

“ಅದ್ಹೆಂಗ ಹೇಳ್ತಿ?”

“ಬೆನ್ನ ನೋಡಿ ಗುರ್ತ ಹಿಡಿಯಾಕ ನಿನ್ನಂಥಾ ಸಾವಕಾರ ಅದಾರ. ನಾ ಅದರ ಮುಖಾ ನೋಡ್ತೇನಿ.”

ಸುವರ್ಣಾ ತೆರೆದಿದ್ದ ಬುಕ್ಕು ಮುಚ್ಚಿದಳು. ಅಪ್ಪನಿಗೆ ಲೆಕ್ಕ ಓದಿದ ಸಂಜೆಯೇ ಗೊತ್ತಿತ್ತೇ? ಬುಕ್ಕಿನಲ್ಲಿ ಬರೆದದ್ದೇ ಖರೆ ಆಗಿಬಿಡುತ್ತದೆಂದು ತಾನು ನಂಬಿದ್ದಾದರೂ ಹೇಗೆ?

“ಹಂಗಾರ ನನ್ನ ಮನಿ?” ಶೇವಂತೆವ್ವ ಸೆರಗು ಬಿಗಿದಳು. “ಪಾಯಾ ತೋಡಾಕ ಗೌಂಡಿಗೆ ಹೇಳಿ ಬಂದೇನಿ! ಗೊತ್ತಿದ್ದೂ ತಿಂಗಳಾತು ಬಾಯಿ ಮುಚಗೊಂಡ ಕುಂತೀರೇನು?”

“ಹಚ್ಚಿದಾಕಿ ಹೇಳಲಿ ಅಂತ ಇದ್ನಿ.”

“ಇಕೀನ? ಬಿ.ಕಾಂ. ಕಲಿತಾಳಂತ! ಕೆಂಪ ಯಾವುದು, ನೀಲಿ ಯಾವುದು, ಅಷ್ಟೂ ತಿಳೀಲಿಲ್ಲ!”

ಮಶಾಕಸಾಬ ನಕ್ಕ. “ಬಿಡ ಚಿಗವ್ವಾ, ಬೈಬ್ಯಾಡ. ಬಣ್ಣ ಹಚ್ಚೂವಾಗ ಹುಡುಗಿ ಮೊಬೈಲ ನೋಡಿರಬೇಕು. ನನ್ನ ಮಗಳೂ ಹಂಗ, ಚಹಾಕ್ಕ ಉಪ್ಪ ಹಾಕ್ತಾಳ.”

ಹೂಂ ಅಂದರೆ ಮುಗಿಯುತ್ತಿತ್ತು. ಅವ್ವ ಇನ್ನೆರಡು ಬೈಯುತ್ತಿದ್ದಳು, ಐವತ್ತು ತುಂಬದ ನೀಲಿ ಇಳಿದು ಗಾಡಿ ಖಾಲಿಯಾಗುತ್ತಿತ್ತು, ತಂಗಡಗಿಯಿಂದ ಮಾವ ಬರುತ್ತಿದ್ದ. ಸುವರ್ಣಾ ತಲೆ ಅಲ್ಲಾಡಿಸಲೂ ಹೋದಳು. ಕುತ್ತಿಗೆ ಬಾಗಲಿಲ್ಲ.

ಅಮಸಿದ್ದ ದಡ್ಡಿಯಿಂದ ಹೊರಗೆ ಬಂದು ಅವಳೆದುರು ನಿಂತ. ಕೈಗೆ ಹತ್ತಿದ್ದ ಧೂಳನ್ನು ಧೋತರಕ್ಕೆ ಒರೆಸಿಕೊಂಡ.

“ಇಪ್ಪತ್ತಾರಕ್ಕ ನಾಕ. ಮೂವತ್ತ ತುಂಬಿತು” ಎಂದ ಮೆಲ್ಲಗೆ. “ನಿಮ್ಮ ಮಾವಗ ಫೋನ್ ಮಾಡಬೇಕು. ಅದಕ್ಕಿಂತ ಮೊದಲ ಕೇಳ್ತೇನಿ ಮಗಳ, ತಪ್ಪಿ ಆತೇನು?”

ಅವಳು ನೋಟುಬುಕ್ಕನ್ನು ಎದೆಗೆ ಒತ್ತಿಕೊಂಡಳು. ಅಪ್ಪ ಅವಸರ ಮಾಡಲಿಲ್ಲ. ಈಯುವ ಕುರಿಯ ಬಳಿ ಕೂತವನ ಹಾಗೆ ಕಾದ.

“ಒಂದ ತಪ್ಪಿ ಆತಪ್ಪಾ.” ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ. “ಉಳಿದದ್ದ... ಮೂವತ್ತ ಆಗೂದ ಬ್ಯಾಡಾಗಿತ್ತ ನನಗ.”