ತೋಳಕ್ಕೆ ತಾಡಪಾಲು

ಅಣ್ಣನ ಜೊತೆ ಮಾತಾಡಿ ಮಾತಾಡಿ ಮೈಲಾರೇಶನಿಗೆ ಸಾಕುಸಾಕಾಗಿತ್ತು. ಸೇನೆಯಲ್ಲಿ ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಅವನು ಮಾಜಿ ಸೈನಿಕರ ಒಂದು ಸಂಸ್ಥೆ ಸೇರಿ ಮೂರು ವರ್ಷದಿಂದ ಆಫ್ರಿಕಾದ ಜಾಂಬಿಯಾದಲ್ಲಿದ್ದ. ಸಿಂಹಗಳಿರುವ ಕಾಡಿನ ಅಂಚಿನ ಹಳ್ಳಿಗಳಲ್ಲಿ ಅರಣ್ಯ ಕಾವಲುಗಾರರಿಗೆ ತರಬೇತಿ ಕೊಡುವುದು, ದನ ಆಡು ಸಾಕುವವರಿಗೆ ಭದ್ರವಾದ ದೊಡ್ಡಿ ಕಟ್ಟಿಕೊಡುವುದು ಅವನ ಕೆಲಸ. ದನ ಉಳಿದರೆ ಯಾರೂ ಸಿಂಹಕ್ಕೆ ವಿಷ ಇಡುವುದಿಲ್ಲ. ಅಲ್ಲಿ ಹನ್ನೊಂದು ಹಳ್ಳಿಯವರು ಅವನ ಮಾತು ಕೇಳಿದ್ದರು. ರಜೆಗೆಂದು ಕೂಡ್ಲಿಗಿ ಹತ್ತಿರದ ತನ್ನೂರಿಗೆ ಬಂದರೆ ಒಡಹುಟ್ಟಿದ ಅಣ್ಣನೇ ಕೇಳುತ್ತಿರಲಿಲ್ಲ.

ಅಣ್ಣ ಕರಿಸಿದ್ದಪ್ಪನ ಕುರಿ ರೊಪ್ಪದಿಂದ ತೋಳಗಳು ಒಂದೇ ವಾರದಲ್ಲಿ ನಾಲ್ಕು ಮರಿ ಒಯ್ದಿದ್ದವು. ಸತ್ತ ಕುರಿಯೊಂದಕ್ಕೆ ಹತ್ತಿಗೆ ಹೊಡೆಯುವ ಔಷಧಿ, ಊರವರ ಬಾಯಲ್ಲಿ 'ಎಣ್ಣಿ', ಸುರಿದು ಗುಡ್ಡದ ಬುಡದಲ್ಲಿ ಇಡುವುದೆಂದು ಅವನು ತೀರ್ಮಾನಿಸಿದ್ದ.

"ಎಣ್ಣಿ ಇಟ್ರ ತೋಳ ಒಂದ ಸಾಯೂದಿಲ್ಲಣ್ಣ. ನಾಯಿ, ನರಿ, ಹದ್ದು ಎಲ್ಲಾ ಸಾಯ್ತಾವ. ರೊಪ್ಪದ ಸುತ್ತ ತಾಡಪಾಲು ಕಟ್ಟು. ಒಳಗಿನ ಕುರಿ ಕಾಣ್ಲಿಲ್ಲಂದ್ರ ಅದು ನುಗ್ಗೂದಿಲ್ಲ. ನಾ ಸಿಂಹಕ್ಕ ಮಾಡಿ ನೋಡೀನಿ."

"ನಿನ್ನ ಸಿಂಹ ನೆಲ ಅಗಿತೈತೇನು?"

"ಇಲ್ಲ."

"ನನ್ನ ತೋಳ ಅಗಿತೈತಿ. ನೀ ಮ್ಯಾಲ ಕಟ್ತಿ, ಅದು ಕೆಳಗ ಬರ್ತೈತಿ. ಆವಾಗ?"

ಮಾತು ಇಲ್ಲಿಗೆ ಬಂದಾಗಲೆಲ್ಲ ಮೈಲಾರೇಶನ ದನಿ ಪರೇಡ್ ಮೈದಾನದ ದನಿಯಾಗುತ್ತಿತ್ತು. "ಹೇಳಿದಷ್ಟು ಮಾಡು, ಸಾಕು!"

"ನಾ ನಿನ್ನ ಸಿಪಾಯಿ ಅಲ್ಲಲೇ" ಎಂದು ಕರಿಸಿದ್ದಪ್ಪ ಕಂಬಳಿ ಹೆಗಲಿಗೆಸೆದು ಎದ್ದು ಹೋಗುತ್ತಿದ್ದ.

ನಾಲ್ಕು ದಿನ ಇದೇ ಆಯಿತು. ಅತ್ತಿಗೆ ತಿಪ್ಪೇರುದ್ರಮ್ಮ ಔಷಧಿ ಬಾಟಲಿಯನ್ನು ದಿನಕ್ಕೊಂದು ಕಡೆ ಬಚ್ಚಿಡುತ್ತಿದ್ದಳು. "ನೀವಿಬ್ರೂ ಮೊದ್ಲ ಜಗಳ ಮುಗಿಸ್ರಿ. ಆಮ್ಯಾಲ ಕೊಡ್ತೀನಿ" ಎನ್ನುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಮೈಲಾರೇಶ್ ಸಿಗ್ನಲ್ ಹುಡುಕಿ ಬಂಡೆ ಹತ್ತಿದ್ದಾಗ ಜಾಂಬಿಯಾದಿಂದ ವಿಡಿಯೋ ಕರೆ ಬಂತು. ಮುಟಿಂಟಾ, ಅರವತ್ತು ಆಡು ಸಾಕಿದ ಹೆಂಗಸು. ದೊಡ್ಡಿಯ ಬಾಗಿಲು ಮುರಿದಿದೆ, ನಿನ್ನ ಬದಲು ಬಂದವನು ಇತ್ತ ತಲೆ ಹಾಕಿಲ್ಲ ಎಂಬುದು ಅವಳ ದೂರು. ಅಲ್ಲೇ ಕುರಿ ಮೇಯಿಸುತ್ತಿದ್ದ ಕರಿಸಿದ್ದಪ್ಪ ತಮ್ಮನ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಆ ಕರಿ ಆಡು ಕುಂಟತೈತಿ. ಗೊರಸು ಕೆತ್ತಬೇಕು ಅಂತ ಹೇಳಾಕಿಗೆ."

ಮೈಲಾರೇಶ್ ಇಂಗ್ಲಿಷಿನಲ್ಲಿ ಹೇಳಿದ. ಮುಟಿಂಟಾ ತಿರುಗಿ ನೋಡಿ, ಹೌದಲ್ಲ ಎಂದು ನಕ್ಕಳು. ಆಮೇಲೆ ಮೈಲಾರೇಶನಿಗೆ ಸ್ವಂತ ಮಾತಾಡಲು ಜಾಗವೇ ಸಿಗಲಿಲ್ಲ. ಇವನದನ್ನು ಅವಳಿಗೆ, ಅವಳದನ್ನು ಇವನಿಗೆ ಹೇಳುವುದೇ ಅವನ ಪಾಲಿಗೆ ಬಂತು.

"ನೆಲ ಅಗಿಯೂ ಪ್ರಾಣಿಗೆ ಏನ್ ಮಾಡ್ತಾಳ ಕೇಳು."

"ಅಲ್ಲಿ ಕತ್ತೆಕಿರುಬ ಅಗಿತಾವಂತ. ತಾಡಪಾಲಿನ ತುದಿ ಒಂದು ಮೊಳ ಹೊರಗ ನೆಲಕ್ಕ ಹಾಸಿ, ಅದರ ಮ್ಯಾಲ ಕಲ್ಲು ಹೇರ್ಬೇಕಂತ."

"ಎಷ್ಟು ದೊಡ್ಡ ಕಲ್ಲು?"

"ಒಬ್ಬ ಹೆಂಗಸು ಎತ್ತೂವಷ್ಟು."

"ಮತ್ತ ಎಣ್ಣಿ?"

ಮುಟಿಂಟಾ ಹೇಳಿದ್ದನ್ನು ಕೇಳಿಕೊಂಡು, "ಆಕೀನೂ ಒಂದ್ಸಲ ಇಟ್ಟಿದ್ಲಂತ. ಸಿಂಹ ಬರ್ಲಿಲ್ಲ. ಆಕಿವ ಎರಡು ನಾಯಿ ಅದನ್ನ ತಿಂದು ಸತ್ತುವಂತ" ಎಂದ ಮೈಲಾರೇಶ್.

ಕರಿಸಿದ್ದಪ್ಪ ನೆರಳಲ್ಲಿ ಮಲಗಿದ್ದ ತನ್ನ ನಾಯಿಯತ್ತ ನೋಡಿದ.

"ಅಣ್ಣಾ, ಇದನ್ನ ನಾ ನಾಕು ದಿನದಿಂದ ಬಡಕೊಳ್ಳಾಕತ್ತೀನಿ!"

"ನೀ ಬರೇ ಹೇಳ್ದಿ. ಆಕಿ ಕಳಕೊಂಡಾಳ."

ಫೋನಿನಲ್ಲಿ ಮುಟಿಂಟಾ ಮತ್ತೇನೋ ಹೇಳಿ ಜೋರಾಗಿ ನಕ್ಕಳು.

"ಏನಂದ್ಲು?"

"ಏನಿಲ್ಲ. ಆರಾಮ ಇರ್ರಿ ಅಂದ್ಲು."

"ಅಷ್ಟಕ್ಕ ಇಷ್ಟು ನಗ್ತಾಳೇನು? ಖರೇ ಹೇಳು."

ಮೈಲಾರೇಶನ ಮುಖ ಕೆಂಪಾಯಿತು. "ನಾ ಹೊಸದಾಗಿ ಹೋದಾಗ ಅವ್ರಿಗೂ ಹಿಂಗ ಒದರಿದ್ನಂತ. ನನಗ ಕೇಳಿಸ್ಕೊಳ್ಳೂದು ಕಲಿಸೂದ್ರೊಳಗ ಅವ್ರಿಗೆ ಒಂದು ವರ್ಷ ಹಿಡೀತಂತ."

ವಾರದಲ್ಲಿ ಮೊದಲ ಬಾರಿಗೆ ಕರಿಸಿದ್ದಪ್ಪ ನಕ್ಕ.

ಮರುದಿನ ಕೊಟ್ಟೂರಿನಿಂದ ಹಳೆಯ ಲಾರಿ ತಾಡಪಾಲುಗಳು ಬಂದವು. ಮೂರು ದಿನ ಕಲ್ಲು ಹೊತ್ತು ಮೈಲಾರೇಶನ ಸೊಂಟ ಹಿಡಿದುಕೊಂಡಿತು. ಕರಿಸಿದ್ದಪ್ಪ ಪ್ರತಿ ಕಲ್ಲನ್ನೂ ಹೆಂಡತಿಯಿಂದ ಎತ್ತಿಸಿ ನೋಡುತ್ತಿದ್ದ. "ಸಿಂಹದ ಸುದ್ದಿ ತಂದವ ನಿನ್ನ ತಮ್ಮ, ತೋಳ ಬರೂದು ನಿನ್ನ ಕುರಿಗೆ, ಕಲ್ಲು ಎತ್ತಾಕ ನಾನಾ?" ಎಂದು ತಿಪ್ಪೇರುದ್ರಮ್ಮ ಸಿಡುಕಿದಳು.

ಮುಂದಿನ ವಾರ ರೊಪ್ಪದ ಸುತ್ತ ತೋಳದ ಹೆಜ್ಜೆಗಳು ಕಂಡವು. ಒಂದು ಕಡೆ ಕಲ್ಲಿನ ಪಕ್ಕ ಕೆರೆದು ಬಿಟ್ಟು ಹೋಗಿತ್ತು. ಮರಿಗಳೆಲ್ಲ ಇದ್ದವು.

ಸುದ್ದಿ ಕೇಳಿ ಪಕ್ಕದ ಹೊಲದ ಕುರಿಗಾರ ಹುಲುಗೇಶ ನೋಡಲು ಬಂದ.

"ಇದು ಮುಟಿಂಟಕ್ಕನ ಉಪಾಯ. ಆಫ್ರಿಕಾದಾಕಿ" ಎಂದ ಕರಿಸಿದ್ದಪ್ಪ ಹೆಮ್ಮೆಯಿಂದ.

"ಮತ್ತ ಮೈಲಾರಿ ಅಲ್ಲೇನ್ ಮಾಡ್ತಾನ?"

"ಫೋನ್ ಹಚ್ಚಿ ಕೊಡ್ತಾನ."

ಮೈಲಾರೇಶ್ ನೋಯುವ ಸೊಂಟ ಹಿಡಿದು ಬಂಡೆಯ ಮೇಲೆ ಕೂತು, "ನಿನ್ನ ರೊಪ್ಪಕ್ಕ ತೋಳ ಯಾವ ಕಡಿಂದ ಬರ್ತಾವ, ಹುಲುಗೇಶ?" ಎಂದು ಕೇಳಿದ.

ಹುಲುಗೇಶ ತನ್ನ ಅಜ್ಜನ ಕಾಲದಿಂದ ಶುರು ಮಾಡಿದ. ಮೈಲಾರೇಶ್ ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ಕೇಳಿದ.