ಮೂರನೇ ಕೂಗಿಗೆ ಓ

ಕಟಕಟೆಯ ಮರ ಜಿಡ್ಡು ಜಿಡ್ಡು, ಎಷ್ಟು ಜನರ ಅಂಗೈ ಬೆವರು ಕುಡಿದಿದೆಯೋ ಇದು, ಯಾರೋ ಉಗುರಿನಿಂದ ಒಂದು ಗೆರೆ ಎಳೆದಿದ್ದಾರೆ, ಒಂದೇ ದಿನದ್ದಲ್ಲ ಆ ಗೆರೆ, ತಾರೀಖು ತಾರೀಖಿಗೆ ಬಂದು ಅಲ್ಲೇ ಕೆರೆದು ಕೆರೆದು ಆಳ ಮಾಡಿದ್ದು, ಪವಿತ್ರಾ ಎಡಗೈಯ ಹೆಬ್ಬೆರಳನ್ನು ಅದರೊಳಗೆ ಇಟ್ಟು ನೋಡುತ್ತಾಳೆ, ಸರಿಯಾಗಿ ಕೂರುತ್ತದೆ, ಹಾಗಾದರೆ ಅವನೂ ಎಡಗೈಯಿಂದಲೇ ಕೆರೆದಿರಬೇಕು, ಅವನ ಬಲಗೈಯೂ ಹೀಗೇ ಇತ್ತೇನೋ — ಬಲಗೈಗೆ ಕೋಳ, ಸರಪಳಿಯ ಒಂದು ಬಳೆ ಅವಳ ಮಣಿಕಟ್ಟಿಗೆ, ಇನ್ನೊಂದು ಕಟಕಟೆಯ ಸರಳಿಗೆ, ಗಂಡಸರ ಅಳತೆಯದ್ದು, ಕೊನೆಯ ಹಲ್ಲಿನವರೆಗೆ ಒತ್ತಿದರೂ ಸಡಿಲ, ಕೈ ಇಳಿಬಿಟ್ಟರೆ ಸರ್ರನೆ ಜಾರಿ ಹೆಬ್ಬೆರಳ ಬುಡಕ್ಕೆ ಬರುತ್ತದೆ, ಇನ್ನೊಂಚೂರು ಜಾರಿದರೆ ಪೂರಾ ಕಳಚಿ ಬೀಳುತ್ತದೆ, ಹಾಕುವಾಗಲೇ ಘಟ್ಟದ ಮೇಲಿನ ಪೊಲೀಸಮ್ಮ ಈರಮ್ಮ ಕಿವಿಯ ಹತ್ತಿರ ಬಾಗಿ ಹೇಳಿದ್ದಳು, ಕೈ ಎತ್ತಿ ಹಿಡ್ಕೊಂಡ ನಿಂದ್ರವ್ವಾ, ಬಿತ್ತಂದ್ರ ತಪ್ಪಿಸ್ಕೊಂಡ ಹೊಂಟಿದ್ಲು ಅಂತ ಬರೀತಾರ, ನಿನಗೂ ಕುತ್ತು ನನ್ನ ನೌಕರಿಗೂ ಕುತ್ತು — ಹಾಗಾಗಿ ಹನ್ನೊಂದೂವರೆಯಿಂದ ಪವಿತ್ರಾ ತನ್ನ ಕೋಳವನ್ನು ತಾನೇ ಹಿಡಿದುಕೊಂಡು ನಿಂತಿದ್ದಾಳೆ, ಮೊಣಕೈ ಮಡಚಿ, ಮುಷ್ಟಿ ಮೇಲೆ ಮಾಡಿ, ದೇವರಿಗೆ ಆರತಿ ಹಿಡಿದವರ ಹಾಗೆ, ಇಡೀ ಕೋರ್ಟಿನಲ್ಲಿ ಅವಳನ್ನು ಕಾಯುತ್ತಿರುವವಳು ಅವಳೊಬ್ಬಳೇ.

ಓ ಅಂದದ್ದು ಅಷ್ಟೇ, ಒಂದೇ ಒಂದು ಓ, ಬೇಕೆಂದು ಅಂದದ್ದಲ್ಲ, ಬಾಯಿ ತಾನಾಗಿ ಅಂದುಬಿಟ್ಟಿತು. ಬೆಳಿಗ್ಗೆ ಬಸ್ಸಿನಲ್ಲಿ ಎಷ್ಟು ಖುಷಿ ಇತ್ತು, ಹತ್ತನೇ ಕ್ಲಾಸಿನವರೆಲ್ಲ ಕೋರ್ಟು ನೋಡಲು ಹೊರಟಿದ್ದು, ಕಾನೂನು ಅರಿವಿನ ಕಾರ್ಯಕ್ರಮ, ಕಾಯ್ಕಿಣಿ ದಾಟುವಾಗ ದಿವ್ಯಶ್ರೀ ಕಿತ್ತಳೆ ಪೆಪ್ಪರ್‌ಮಿಂಟ್ ಹಂಚಿದ್ದಳು, ಸಮಾಜ ಪಾಠದ ಕಿರಣ ಮಾಸ್ತರರು ಡ್ರೈವರನ ಪಕ್ಕ ನಿಂತು, ಮಕ್ಕಳೇ, ನ್ಯಾಯಾಲಯ ಅಂದರೆ ನಮ್ಮ ಹಕ್ಕುಗಳ ಕಾವಲುಗಾರ, ಅಲ್ಲಿ ಬಡವ ಬಲ್ಲಿದ ಎಲ್ಲ ಒಂದೇ — ಹಿಂದಿನ ಸೀಟಿನಿಂದ ಲೋಕೇಶ, ಸರ್, ಅಲ್ಲಿ ಟಾಯ್ಲೆಟ್ಟೂ ಒಂದೇಯನಾ, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದು, ಮಾಸ್ತರರೂ ನಕ್ಕಿದ್ದು. ಇಲ್ಲಿ ಹಿಂದಿನ ಬೆಂಚುಗಳಲ್ಲಿ ಕೂತಾಗ ಎಲ್ಲರ ಬೆನ್ನು ನೆಟ್ಟಗೆ. ಮೇಲೆ ಪೀಠದಲ್ಲಿ ನ್ಯಾಯಾಧೀಶ ಸಾಹೇಬರು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಊದಿ ಊದಿ ಕುಡಿಯುವವರು, ಬಾಗಿಲಲ್ಲಿ ಕೂಗುವವನು ದಾಸ, ಬೆಲ್ಟಿನ ಮೇಲೆ ಹಿತ್ತಾಳೆ ಬಿಲ್ಲೆ, ಒಂದೊಂದೇ ಹೆಸರನ್ನು ಮೂರು ಮೂರು ಸಲ ಕೂಗುತ್ತಾನೆ, ಯಾರೋ ಓಡಿ ಬರುತ್ತಾರೆ, ವಕೀಲರು ತಲೆ ಬಾಗಿಸುತ್ತಾರೆ, ಮುಂದಿನ ತಾರೀಖು. ನಿದ್ದೆ ಬರುವಷ್ಟು ಸಪ್ಪೆ. ಆಗ ದಾಸ ಕೂಗಿದ, ಬೀರಪ್ಪ ದುರ್ಗ ಗೌಡ, ಮುಟ್ಟಳ್ಳಿ, ಹಾಜರಿದಾರಾ — ಒಂದು. ಬೀರಪ್ಪ ದುರ್ಗ ಗೌಡ — ಎರಡು. ಅವಳ ಅಜ್ಜ, ಅಜ್ಜನ ಹೆಸರು, ಇವತ್ತೇ ತಾರೀಖು ಅಂತ ಯಾರೂ ಹೇಳಿರಲಿಲ್ಲ, ಅಪ್ಪ ಚಿರೆಕಲ್ಲು ಕಡಿಯುವ ಕೆಲಸಕ್ಕೆ ಕುಮಟೆಯ ಕಡೆ ಹೋಗಿ ವಾರವಾಯಿತು, ದಾಸ ಮೂರನೆಯ ಸಲಕ್ಕೆ ಬಾಯಿ ತೆರೆದ, ಬೀರಪ್ಪ ದುರ್ಗ — ಓ.

ಅಜ್ಜಿ ತಿಮ್ಮಿ ಹೇಳಿಕೊಟ್ಟದ್ದು. ಸತ್ತವನ ಹೆಸರನ್ನು ವರ್ಷದವರೆಗೆ ಮನೆಯಲ್ಲಿ ಯಾರೂ ಕೂಗಬಾರದು, ಅಪ್ಪಿತಪ್ಪಿ ಹೊರಗಿನವರು ಕೂಗಿದರೆ ಮನೆಯ ಒಬ್ಬರು ಓ ಅನ್ನಬೇಕು, ಮೂರನೇ ಕೂಗು ಮುಗಿಯುವುದರೊಳಗೆ, ಓ ಅಂದ್ರೆ ಅಂವಂಗೆ ಸಮಾಧಾನ ಮಗಾ, ಮನೇಲಿ ಜನ ಇದ್ದೊ ಅಂದ್ಕಂಡು ಹೋತ, ಯಾರೂ ಓ ಅಂದಿಲ್ಲೆ ಅಂದ್ರೆ ತಿರುಗಿ ಬತ್ತ, ಬಂದು ಮೆಟ್ಟಿಲ ಮೇಲೆ ಕೂತ್ಕಂತ, ಮತ್ತೆ ಕಳಸೂಕೆ ಯಾರ ಕೈಲೂ ಆಗೂದಿಲ್ಲೆ. ತೆಂಗಿನಕಾಯಿ ವ್ಯಾಪಾರಿ ಗೊತ್ತಿಲ್ಲದೆ ಅಂಗಳದಲ್ಲಿ ನಿಂತು ಬೀರಪ್ಪಾ ಅಂದಾಗ ಅಜ್ಜಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿದ್ದಳು, ಮೊಣಕಾಲು ಕಂಬಕ್ಕೆ ಬಡಿಸಿಕೊಂಡು ಮೂರು ದಿನ ಕುಂಟಿದ್ದಳು, ಆಮೇಲೆ, ನಂಗೆ ಓಡೂಕೆ ಆಗ, ನಿನ್ನ ಕಿವಿ ಚುರುಕು, ಇನ್ಮೇಲೆ ನಿಂದೇ ಕೆಲ್ಸ. ಅವಳದೇ ಕೆಲಸ. ಐದು ತಿಂಗಳಿಂದ ಮಾಡುತ್ತಿದ್ದಾಳೆ, ಗ್ಯಾಸಿನವನಿಗೆ, ಪೋಸ್ಟಿನವನಿಗೆ, ಒಮ್ಮೆ ಬಚ್ಚಲಿನಿಂದ ಸೋಪಿನ ಮುಖದಲ್ಲೇ. ಇಲ್ಲಿಯೂ ಮಾಡಿದಳು. ಬೆಂಚಿನಲ್ಲಿ ದಿವ್ಯಶ್ರೀ ಕಿಸಕ್ಕೆಂದಳು, ಅವಳ ಹಿಂದೆ ಇಡೀ ಸಾಲು ಕಿಸಕ್ಕೆಂದಿತು, ಒಬ್ಬ ವಕೀಲರೂ ನಕ್ಕರು, ಸಾಹೇಬರು ಲೋಟ ಕೆಳಗಿಟ್ಟರು.

ಗದರಲಿಲ್ಲ ಅವರು, ಅದೇ ಹೆದರಿಕೆ. ಯಾರಮ್ಮ ಅದು, ಎದ್ದು ನಿಲ್ಲು, ಬೀರಪ್ಪ ದುರ್ಗ ಗೌಡ ಅಂದರೆ ನೀನೇನಾ, ಮೀಸೆ ಎಲ್ಲಿ ನಿನ್ನದು — ವಕೀಲರೆಲ್ಲ ನಕ್ಕರು, ಸಾಹೇಬರು ನಕ್ಕರೆ ನಗುವುದು ಅವರ ಕೆಲಸದ ಭಾಗವೇ ಇರಬೇಕು — ಯಾಕೆ ಓ ಅಂದೆ. ಅವಳು, ತಪ್ಪಾತು ಸರ್. ತಪ್ಪಾಯಿತು ಅಂತ ನನಗೂ ಗೊತ್ತು, ಯಾಕೆ ಅಂದೆ ಅಂತ ಕೇಳಿದ್ದು. ಸಾರಿ ಸರ್. ಸಾರಿ ಬೇಡ, ಕಾರಣ ಬೇಕು. ಸಾಹೇಬರು ಬೆಂಚುಗಳ ಕಡೆ ತಿರುಗಿ, ಮಕ್ಕಳೇ, ಕೋರ್ಟು ನೋಡಲಿಕ್ಕೆ ಬಂದಿದ್ದೀರಿ ಅಲ್ಲವಾ, ಪುಸ್ತಕದಲ್ಲಿ ಓದಿದ್ದು ಸಾಕು, ಇವತ್ತು ಪ್ರಾಕ್ಟಿಕಲ್, ಹೋಗಮ್ಮ ಆ ಕಟಕಟೆಯಲ್ಲಿ ನಿಲ್ಲು, ಕಾರಣ ಹೇಳುವವರೆಗೆ ನಿಂತಿರು, ಈರಮ್ಮ, ಕೋಳ ಹಾಕಿ, ಹಾಕಿದರೆ ಹೇಗಿರುತ್ತದೆ ಅಂತ ಮಕ್ಕಳಿಗೂ ಗೊತ್ತಾಗಲಿ. ಕಿರಣ ಮಾಸ್ತರರು ಎದ್ದರು, ಸರ್, ಅವಳು ಒಳ್ಳೆಯ ಹುಡುಗಿ — ನೀವು ಕೂತುಕೊಳ್ಳಿ ಮೇಷ್ಟ್ರೇ, ನಿಮ್ಮ ಶಾಲೆಯ ಹೆಸರು ನಾನಿನ್ನೂ ಕೇಳಿಲ್ಲ, ಕೇಳಬೇಕಾ. ಮಾಸ್ತರರು ಕೂತರು. ಕೋಳ ಹಾಕಬೇಕಾದರೆ ಕಾರಣ ಬರೆದಿಡಬೇಕು, ಮಕ್ಕಳಿಗಂತೂ ಹಾಕಲೇಬಾರದು, ಇದನ್ನು ಹಲಗೆಯ ಮೇಲೆ ಬರೆಸಿದವರು ಅವರೇ, ಪವಿತ್ರಾ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು, ಕೆಂಪು ಶಾಯಿಯಲ್ಲಿ ಶಹಬ್ಬಾಸ್ ಅಂತ ಬರೆದಿದ್ದರು, ಆ ಶಹಬ್ಬಾಸ್ ಈಗ ಎಲ್ಲಿ ಅಡಗಿ ಕೂತಿದೆ ಸರ್, ಕಿಸೆಯಲ್ಲಾ, ಕುರ್ಚಿಯ ಅಡಿಯಲ್ಲಾ. ಆಮೇಲೆ ಸಾಹೇಬರು ಕ್ಲಾಸಿನವರನ್ನೆಲ್ಲ ಸಾಲು ಮಾಡಿಸಿದರು, ಒಬ್ಬೊಬ್ಬರೇ ಬಂದು ಕೋಳವನ್ನು ಹತ್ತಿರದಿಂದ ನೋಡಿ ಹೋಗಬೇಕು, ಪ್ರದರ್ಶನದಲ್ಲಿ ಹಾವು ನೋಡಿದ ಹಾಗೆ, ಎಲ್ಲರೂ ಬಂದರು, ಕೆಲವರು ಮುಖ ನೋಡಿದರು, ಕೆಲವರು ಕೈ ಮಾತ್ರ ನೋಡಿದರು, ಲೋಕೇಶ ಏನನ್ನೂ ನೋಡದೆ ಕಣ್ಣು ಮುಚ್ಚಿಕೊಂಡು ದಾಟಿಹೋದ, ದಿವ್ಯಶ್ರೀ ನಿಂತು, ಕಿತ್ತಳೆ ವಾಸನೆಯ ಉಸಿರಿನಲ್ಲಿ, ನಾ ನಗಬಾರ್ದಾಗಿತ್ತೇ ಮಾರಾಯ್ತಿ — ಈರಮ್ಮ, ಸರೀ ಮುಂದ. ಬಳೆ ಜಾರುತ್ತಿದೆ, ಎತ್ತು, ಮುಷ್ಟಿ ಮೇಲೆ.

ಹೇಳಿಬಿಟ್ಟರೆ ಒಂದು ನಿಮಿಷದ ಕೆಲಸ. ಸರ್, ಅಂವ ನನ್ನ ಅಜ್ಜ, ಸತ್ತುಹೋಗಿದ್ದಾನೆ, ನಮ್ಮಲ್ಲಿ ಹೀಗೊಂದು ಪದ್ಧತಿ — ಸಾಹೇಬರಿಗೂ ಅಯ್ಯೋ ಅನಿಸಬಹುದು, ಬೀಗ ತೆಗೆಸಬಹುದು. ಆದರೆ ಕೇಸು ಅಜ್ಜನದ್ದು. ಮಲ್ಲಿಗೆ ಗಿಡ, ಬಸಳೆ ಚಪ್ಪರ, ಮಳೆಗಾಲದ ಭತ್ತ, ಮೂರೂ ಇರುವ ಆ ತುಂಡು ಗದ್ದೆಗೆ ರೆಸಾರ್ಟಿನವನು ಬೇಲಿ ಹಾಕಲು ಬಂದಾಗ ಅಜ್ಜ ಒಬ್ಬನೇ ಹೋಗಿ ಕೇಸು ಹಾಕಿದ್ದ, ತಡೆಯಾಜ್ಞೆ ತಂದಿದ್ದ, ಅಂದಿನಿಂದ ರೆಸಾರ್ಟಿನವನ ಜೆಸಿಬಿ ಗದ್ದೆಯ ಅಂಚಿನಲ್ಲೇ ನಿಂತಿದೆ, ಹಲ್ಲು ಮಣ್ಣಿಗೆ ಊರಿಕೊಂಡು, ಕಾಯುತ್ತ. ಅಜ್ಜ ಬಸಳೆ ಚಪ್ಪರದ ಕೆಳಗೆ ಕೂತವನು ಏಳಲಿಲ್ಲ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ವಕೀಲರ ಗುಮಾಸ್ತ ಮೋಹನ ಸ್ಕೂಟರಿನಲ್ಲಿ ಬಂದು ಅಪ್ಪನನ್ನು ಬಾವಿಯ ಹಿಂದೆ ಕರೆದುಕೊಂಡು ಹೋಗಿ, ಚೌಡಾ, ಸತ್ತದ್ದು ಕೋರ್ಟಿಗೆ ಗೊತ್ತಾದ್ರೆ ಕೇಸೂ ಸತ್ತಂಗೇ, ನಿಮ್ಮೆಲ್ಲರ ಹೆಸರು ಕೇಸಿಗೆ ಸೇರ್ಸೂ ತನಕ ಯಾರೂ ಬಾಯಿ ಬಿಡೂಕಿಲ್ಲ, ಪಂಚಾಯ್ತಿಯಲ್ಲೂ ಬರಸ್ಬೇಡ, ನಾ ನೋಡ್ಕಂತೆ, ಆತಾ. ಅಪ್ಪ, ಆತು. ನೋಡಿಕೊಂಡನೋ ಬಿಟ್ಟನೋ, ಹೆಸರು ಇನ್ನೂ ಸೇರಿಲ್ಲ. ಅಜ್ಜಿ ಹೆಣದ ಮುಂದೆ ಹಾಡಬೇಕಾದ ಹಾಡನ್ನು ಸೆರಗಿನಲ್ಲಿ ಬಾಯಿ ಮುಚ್ಚಿ ನುಂಗಿದಳು, ಊರಿನ ಎಲ್ಲ ಮದುವೆಗೂ ಎಲ್ಲ ಸಾವಿಗೂ ಹಾಡಿದವಳು ತನ್ನ ಗಂಡನಿಗೆ ಹಾಡಲಿಲ್ಲ, ಕೇರಿಗೆ ಕೇರಿಯೇ ಬಾಯಿ ಹೊಲಿದುಕೊಂಡಿದೆ, ರೆಸಾರ್ಟಿನವನು ಕೇಳಿದರೆ, ಬೀರಪ್ಪನಾ, ಮಗಳ ಮನೆಗೆ ಹೋಗಾನೆ. ಐದು ತಿಂಗಳು ಅಷ್ಟೂ ಜನ ಹಿಡಿದಿಟ್ಟ ಮಾತು. ಅದನ್ನು ಅವಳು ಇಲ್ಲಿ, ಕೈ ನೋಯುತ್ತದೆ ಅಂತ, ಬಿಟ್ಟುಕೊಡಬೇಕೇ.

ಊಟಕ್ಕೆ ಎಲ್ಲರೂ ಎದ್ದರು, ಸಾಹೇಬರೂ ಎದ್ದರು, ಅವಳ ವಿಷಯ ಯಾರೂ ಎತ್ತಲಿಲ್ಲ, ಖಾಲಿ ಕೋರ್ಟಿನಲ್ಲಿ ಅವಳು ಮತ್ತು ಬಾಗಿಲಲ್ಲಿ ಈರಮ್ಮ, ಕಿಟಕಿಯಾಚೆ ಕ್ಲಾಸಿನವರು ಚಿತ್ರಾನ್ನ ತಿನ್ನುವುದು ಕಾಣುತ್ತದೆ, ಯಾರೂ ಈ ಕಡೆ ತಿರುಗದೆ ತಿನ್ನುತ್ತಿದ್ದಾರೆ. ಈರಮ್ಮ ನೀರು ಕುಡಿಸಿದಳು, ಗಂಟಲು ಹಸಿಯಾದ ಕೂಡಲೇ ಅಳು ಬಂತು, ತಡೆದಳು, ಅತ್ತರೆ ಮೈ ಅಲುಗಿ ಬಳೆ ಜಾರುತ್ತದೆ. ಮೋಹನ ಗುಮಾಸ್ತ ಆಗಲೇ ಬಂದದ್ದು, ಕಡತ ಹುಡುಕುವವನ ಹಾಗೆ ಬಗ್ಗಿ, ಅವಳ ಮುಖ ನೋಡದೆ, ಎಂತ ಕೆಲ್ಸ ಮಾಡಿಟ್ಟೆ ಮಾರಾಯ್ತಿ, ಕೇಸನ್ನು ಸಂಜೆಗೆ ತಿರುಗಿ ಕರೀತ್ರು, ನಮ್ಮ ವಕೀಲ ಸಾಹೇಬ್ರು ಹೊನ್ನಾವರದಲ್ಲಿದ್ರು, ನಾ ಟೈಮ್ ಕೇಳ್ತೆ, ನೀ ಮಾತ್ರ ತುಟಿ ಬಿಚ್ಬೇಡ, ಬಿಚ್ಚಿದ್ರೆ ನಾಳೆ ಬೆಳಿಗ್ಗೆ ಜೆಸಿಬಿ, ಕೇಂಡ್ಯಾ. ಅವಳು, ಅಣ್ಣಾ, ಅಪ್ಪಂಗೆ ಫೋನ್ ಮಾಡಿ. ಮಾಡ್ತೆ ಮಾಡ್ತೆ. ಮಾಡಲಿಲ್ಲ, ಕಿಟಕಿಯಿಂದ ಕಂಡಿತು, ಬೀಡಾ ಅಂಗಡಿಯ ಮುಂದೆ ನಿಂತು ಸುಣ್ಣ ಹಚ್ಚುತ್ತಿದ್ದ.

ಮೂರೂವರೆ, ನಾಲ್ಕು, ಗಡಿಯಾರದ ಮುಳ್ಳೂ ಕಾಲು ಸೋತವರ ಹಾಗೆ ನಡೆಯುತ್ತದೆ, ಹೆಗಲಿನಿಂದ ಬೆರಳಿನವರೆಗೆ ಇರುವೆ ಹರಿದಂತೆ, ಕೈ ಅವಳದ್ದಲ್ಲ ಈಗ, ಯಾರದ್ದೋ ಕೈಯನ್ನು ಎತ್ತಿ ಹಿಡಿದಿದ್ದಾಳೆ, ಬಳೆ ಜಾರುತ್ತದೆ, ಎತ್ತುತ್ತಾಳೆ, ಜಾರುತ್ತದೆ, ಒಳಗಿನ ಅಂಚು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿದೆ, ಅಜ್ಜಿಯ ಕತ್ತಿನ ಮಣಿಸರಗಳಷ್ಟು ಕೆಂಪು, ಇದನ್ನು ಇಳಿಬಿಟ್ಟರೆ ಏನಾಗುತ್ತದೆ, ಟಕ್ ಅನ್ನುತ್ತದೆ, ಅಷ್ಟೇ, ಆ ಟಕ್ ಎಷ್ಟು ದೂರ ಕೇಳುತ್ತದೆ, ಮುಟ್ಟಳ್ಳಿಯವರೆಗೆ ಕೇಳುತ್ತದಾ. ಸಾಹೇಬರು ಕಾಗದಗಳಿಗೆ ಸಹಿ ಹಾಕುತ್ತ ಹಾಕುತ್ತ ಒಂದು ಕಾಗದದ ಹತ್ತಿರ ಕೈ ನಿಲ್ಲಿಸಿದರು. ಶಾಲೆಯವರು ಕೊಟ್ಟ ಮಕ್ಕಳ ಪಟ್ಟಿ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ನಿಂತಿತು. ಪವಿತ್ರಾ ಚೌಡ ಗೌಡ, ಮುಟ್ಟಳ್ಳಿ. ಆಮೇಲೆ ಅದೇ ಬೆರಳು ಪಕ್ಕಕ್ಕೆ ಹೋಗಿ, ದಾರ ಕಟ್ಟಿದ ದಪ್ಪ ಕಡತವೊಂದನ್ನು ಮೆಲ್ಲಗೆ ಎಳೆದುಕೊಂಡಿತು, ಮೋಹನ ಗುಮಾಸ್ತನ ಕೆನ್ನೆಯೊಳಗಿನ ಬೀಡಾ ಅಗಿಯುವುದು ನಿಂತಿತು. ಬೀರಪ್ಪ ದುರ್ಗ ಗೌಡ, ಮುಟ್ಟಳ್ಳಿ. ಓಹೋ. ಬೀರಪ್ಪ ನಿನಗೇನಾಗಬೇಕಮ್ಮ. ಸುಳ್ಳು ಹೇಳಬಾರದು, ಇಲ್ಲಿ ಸುಳ್ಳು ಹೇಳಿದರೆ ಜೈಲು, ಅದನ್ನೂ ಮಾಸ್ತರರೇ ಹೇಳಿದ್ದು — ಅಜ್ಜ ಸರ್. ಅಜ್ಜ! ಹಾಗಾದರೆ ಅಜ್ಜನ ಪರವಾಗಿ ಓ ಅಂದೆಯಾ, ಸರಿ, ಅದು ಕಾರಣ, ನೋಡಿದಿಯಾ ಎಷ್ಟು ಸುಲಭ — ಸಾಹೇಬರ ದನಿ ಬೆಣ್ಣೆ — ಅಜ್ಜ ಯಾಕೆ ಬಂದಿಲ್ಲ. ಮೋಹನ ಎದ್ದು, ಮಹಾಸ್ವಾಮಿ, ಪಕ್ಷಗಾರರಿಗೆ ಹುಷಾರಿಲ್ಲ, ಸಮಯಾವಕಾಶ — ನಿಮ್ಮನ್ನು ಕೇಳಲಿಲ್ಲ, ಕೂತುಕೊಳ್ಳಿ, ಮಗುವನ್ನು ಕೇಳಿದ್ದು, ಮಕ್ಕಳು ಸುಳ್ಳು ಹೇಳುವುದಿಲ್ಲ. ಬಾಗಿಲಲ್ಲಿ ರೆಸಾರ್ಟಿನವನ ವಕೀಲರು, ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು, ಕೈ ತಡೆದು ಅವಳನ್ನೇ ನೋಡುತ್ತಾರೆ.

ಹೇಳಮ್ಮ, ನಿನ್ನ ಅಜ್ಜ ಎಲ್ಲಿ. ಒಂದು. ಅಜ್ಜ ಮನೆಯಲ್ಲಿದ್ದಾನೆ ಅಂದರೆ ಸುಳ್ಳು, ಸತ್ತಿದ್ದಾನೆ ಅಂದರೆ ಜೆಸಿಬಿ. ನಿನ್ನ ಅಜ್ಜ ಎಲ್ಲಿ. ಎರಡು, ದಿವ್ಯಶ್ರೀ ಬಾಯಿಗೆ ಕೈ ಹಿಡಿದಿದ್ದಾಳೆ, ಮಾಸ್ತರರು ನೆಲ ನೋಡುತ್ತಿದ್ದಾರೆ, ಅಜ್ಜ ಎಲ್ಲಿದ್ದಾನೆ, ಸುಡುಗಾಡಿನಲ್ಲಿಲ್ಲ, ಬೂದಿ ಹೊಳೆಗೆ ಹೋಗಿದೆ, ಪಂಚಾಯ್ತಿಯ ಪುಸ್ತಕದಲ್ಲಿಲ್ಲ, ಅಜ್ಜಿಯ ಹಾಡಿನಲ್ಲೂ ಇಲ್ಲ, ಇಡೀ ಭೂಮಿಯ ಮೇಲೆ ಅಜ್ಜ ಇನ್ನೂ ಬದುಕಿರುವುದು ಒಂದೇ ಜಾಗದಲ್ಲಿ, ಆ ದಾರ ಕಟ್ಟಿದ ಕಡತದೊಳಗೆ, ಸಾಹೇಬರ ಬೆರಳಿನ ಅಡಿಯಲ್ಲಿ, ಅಲ್ಲಿ ಅವನು ಪ್ರತಿ ತಾರೀಖಿಗೂ ಉಸಿರಾಡುತ್ತಾನೆ, ಹೆಬ್ಬೆಟ್ಟು ಒತ್ತುತ್ತಾನೆ, ಇದು ಸುಳ್ಳಲ್ಲ, ಇದಕ್ಕಿಂತ ದೊಡ್ಡ ಸತ್ಯ ಈ ಕೋರ್ಟಿನಲ್ಲಿ ಬೆಳಿಗ್ಗೆಯಿಂದ ಯಾರೂ ಆಡಿಲ್ಲ — ಮೂರನೆಯ ಸಲ ನಿನ್ನ ಅಜ್ಜ ಅನ್ನುವಷ್ಟರಲ್ಲಿ ಅವಳು, ಅಲ್ಲಿದ್ದಾನೆ ಸರ್, ಅಂದಳು, ಬಲಗೈ ಚಾಚಿ ಕಡತವನ್ನು ತೋರಿಸಿದಳು, ಪೂರಾ ಚಾಚಿದಳು, ಎಷ್ಟು ಹೊತ್ತಿನ ಮೇಲೆ ಕೈ ನೆಟ್ಟಗಾಯಿತು, ಎಂಥ ಸುಖ — ಗಿಡ್ಡ ಸರಪಳಿ ಜಗ್ಗಿತು. ಬಳೆ ಹೆಬ್ಬೆರಳ ಬುಡ ದಾಟಿತು, ಬೆರಳುಗಳನ್ನು ದಾಟಿತು, ಈರಮ್ಮ, ಅಯ್ಯಯ್ಯೋ ಯವ್ವಾ, ಮೇಲಿನಿಂದ ಸಾಹೇಬರು, ಬರೆದುಕೊಳ್ಳಿ, ಕೋಳ ಕಳಚಿಕೊಂಡು ತಪ್ಪಿಸಿಕೊಳ್ಳಲು, ಕೆಳಗೆ ಟೈಪಿನವಳ ಬೆರಳುಗಳು ಆಗಲೇ ಓಡುತ್ತಿವೆ, ಪವಿತ್ರಾಳ ಕೈ ಇನ್ನೂ ಕಡತದ ಕಡೆಗೇ ಇದೆ, ಬರಿಗೈ, ಅವಳು ನೋಡುತ್ತಿರುವುದು ಕಡತವನ್ನಲ್ಲ — ಸರಳಿಗೆ ನೇತುಬಿದ್ದ ಖಾಲಿ ಬಳೆ, ಒಳಗೆ ಯಾರ ಕೈಯೂ ಇಲ್ಲ, ಮರಕ್ಕೆ ಬಡಿದು ಟಕ್, ಆಚೆ ಹೋಗಿ, ಈಚೆ ಬಂದು ಟಕ್, ಖಾಲಿ ಬಳೆ, ಟಕ್