ಎತ್ತಿದ ಕೈ

ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಹೊಲಿಗೆ ಅಂಗಡಿಯ ಮಾಸ್ಟರು, ನೋಡೋಣವೆಂದು ಒಂದು ವಾರ ಇಟ್ಟುಕೊಂಡಿದ್ದರು. ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದು ಅವತ್ತು ಸಂಜೆ ತಿಳಿಯಬೇಕಿತ್ತು.

ಕೋಟಿನ ತೋಳುಗಳಿಗೆಂದು ಮಾಸ್ಟರೇ ಮಖಮಲ್ಲು ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕತ್ತರಿಸುವ ಮೆಷಿನ್ ಶುರು ಮಾಡಿದರು. ನಡುವಿನಿಂದ ಅಂಚಿನಲ್ಲಿ ಇಣುಕುತ್ತಿದ್ದ ಒಂದು ಪದರ ಮಾತ್ರ ನನಗೆ ಗಾಢವಾಗಿ ಕಂಡಿತು. ಅದರ ಮೃದು ಕೂದಲು ಉಳಿದವಕ್ಕೆ ವಿರುದ್ಧ ದಿಕ್ಕಿಗೆ ಮಲಗಿತ್ತು. ಹಾಗೇ ಕತ್ತರಿಸಿದರೆ ಒಂದು ಕೋಟಿನ ಎರಡು ತೋಳಿಗೆ ಎರಡು ಬಣ್ಣ.

ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಆ ಮೆಷಿನ್ ಸದ್ದಿನಲ್ಲಿ ಕೂಗಲು ಬಾಯಿ ಬರಲಿಲ್ಲ. ಮಾಸ್ಟರ ಎದುರು ಹೋಗಿ, ತರಗತಿಯಲ್ಲಿ ಎತ್ತುತ್ತಿದ್ದ ಹಾಗೆ ಕೈ ಎತ್ತಿದೆ.

ಮಾಸ್ಟರು ಮೆಷಿನ್ ನಿಲ್ಲಿಸಿದರು. "ಏನಮ್ಮಾ, ನೀರು ಕುಡಿಯೋಕೆ ಹೋಗ್ಬೇಕಾ?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅಂಗಡಿಯ ಅಕ್ಕ ಕಿಸಕ್ಕನೆ ನಕ್ಕಳು.

"ನಡುವಿನ ಬಟ್ಟೆ ತಿರುಗಿದೆ, ಮಾಸ್ಟ್ರೇ."

"ಹಾಸಿದ್ದು ನಾನು."

"ಹೌದು. ಅಂಚನ್ನ ಒಂದ್ಸಲ ಸವರಿ ನೋಡಿ."

ಅವರು ಸವರಿದರು. ಕೈ ಅಲ್ಲೇ ನಿಂತಿತು.

"ಕೂಗೋಕೇನೇ ನಿಂಗೆ?" ಎಂದಳು ಅಕ್ಕ. "ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಆ ಸದ್ದಲ್ಲಿ ಕೂಗಿದ್ರೆ ಯಾರಿಗೆ ಕೇಳ್ತಿತ್ತಕ್ಕಾ? ಶಾಲೇಲಿ ಕಲಿತಿದ್ದು ಇದೊಂದಾದ್ರೂ ಕೆಲಸಕ್ಕೆ ಬಂತು."

ಈಗ ಮಾಸ್ಟರೂ ನಕ್ಕರು. ತಿರುಗಿದ ಪದರವನ್ನು ಎಳೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

"ಸಂಜೆ ತನಕ ಕಾಯೋದ್ಯಾಕೆ? ಹಿಡ್ಕೋ. ನಾಳೆಯಿಂದ ಹಾಸೋದು ನಿನ್ನ ಕೆಲಸ."

ನಾನು ಬಟ್ಟೆಯ ತುದಿ ಬಿಗಿಯಾಗಿ ಹಿಡಿದು, "ನಿಮ್ಮ ಕಡೆ ಸ್ವಲ್ಪ ಎಳೀರಿ, ಸುಕ್ಕಿದೆ," ಎಂದೆ.